ಜಾನಿ ಕ್ಯಾಶ್‌ನಿಂದ ಶುರು ಮಾಡಬೇಡಿ

ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡುಗಳ ಇತಿಹಾಸ ಹೇಳೋ ಕೆನ್ ಬರ್ನ್ಸ್ ಅವರ ‘ಕಂಟ್ರಿ ಮ್ಯೂಸಿಕ್’ ಸಾಕ್ಷ್ಯಚಿತ್ರ ನೋಡಿ ಆಫೀಸಿನವರೆಲ್ಲ ಯಾರನ್ನು ಬಿಟ್ಟರು, ಯಾರಿಗೆ ಜಾಸ್ತಿ ಕೊಟ್ಟರು ಅಂತ ವಾದ ಮಾಡ್ತಿದ್ದಾರೆ, 16 ಗಂಟೆ ಕೂರೋಕಾಗಲ್ಲ, ಹೆಸರಾಂತ ಗಾಯಕ ಜಾನಿ ಕ್ಯಾಶ್ ಬರೋ ಭಾಗದಿಂದ ನೋಡಿದರೆ ಮಾತಿಗೆ ಸೇರಬಹುದಾ ಅಂತ ಕೇಳಿದ್ದೀರಿ. ನಾನು ಥೇಟ್ ಹಾಗೇ ಮಾಡಿದ್ದೆ.

2019ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಾರ್ವಜನಿಕ ಟಿವಿ ಪಿಬಿಎಸ್‌ನಲ್ಲಿ ಅದು ಎಂಟು ಭಾಗವಾಗಿ ಬಂತು. ನಾನಾಗ ಕಂಟ್ರಿ ಸಂಗೀತದ ತವರು ನ್ಯಾಶ್‌ವಿಲ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಅಲ್ಲಿ ನನಗೆ ಕೆಲಸ ಕಲಿಸಿದವರು ಅರವತ್ತು ದಾಟಿದ ಒಬ್ಬ ಆಫ್ರಿಕನ್-ಅಮೆರಿಕನ್ ಹೆಂಗಸು. ರಕ್ತದ ಟ್ಯೂಬು ತಿರುಗಿಸೋ ಸೆಂಟ್ರಿಫ್ಯೂಜ್ ವೇಗ ಇಳಿಯುತ್ತಾ ಬಂದಾಗ, ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಿಡಿದು ರೈಲು ಕೂಗಿಸೋರು. ದೂರದಲ್ಲಿ ಶುರುವಾಗಿ, ಹತ್ತಿರ ಬಂದು, ನಮ್ಮನ್ನು ದಾಟಿ ಹೋಗೋ ರೈಲು. ಸುಮ್ಮನೆ ಖುಷಿಗೆ ಮಾಡ್ತಾರೆ ಅಂದುಕೊಂಡಿದ್ದೆ.

ಕಂಟ್ರಿ ಹಾಡು ನನಗೆ ಗೊತ್ತು ಅನ್ನೋ ಧೈರ್ಯ ಬೇರೆ ಇತ್ತು. ನಾನು ಬೆಳೆದದ್ದು ಕೆಜಿಎಫ್‌ನಲ್ಲಿ. ಪಕ್ಕದ ಮನೆಯ ಆಂಗ್ಲೋ-ಇಂಡಿಯನ್ ಅಂಕಲ್ ಭಾನುವಾರ ಬೆಳಿಗ್ಗೆ ಕಂಟ್ರಿ ಗಾಯಕ ಜಿಮ್ ರೀವ್ಸ್ ಕ್ಯಾಸೆಟ್ ಹಾಕೋರು. ಆ ಧೈರ್ಯದ ಮೇಲೆ ಮೊದಲ ಮೂರು ಭಾಗ ಬಿಟ್ಟು ನಾಲ್ಕನೆಯದಕ್ಕೆ ಕೂತೆ. ಮಾರನೇ ರಾತ್ರಿ ಅವರು ಊಟದ ಡಬ್ಬಿ ಬಿಚ್ಚುತ್ತಾ, “ಮೊದಲನೇ ಭಾಗ ನೋಡಿದೆಯಾ?” ಅಂತ ಕೇಳಿದರು. “ಇಲ್ಲ, ಅದೆಲ್ಲ ಬೆಟ್ಟದ ಬಿಳಿಯರ ಕಥೆ. ನಿಮಗೆ ಯಾಕೆ ಅಷ್ಟು ಆಸಕ್ತಿ? ನಿಮ್ಮವರ ಸಂಗೀತ ಅಲ್ಲವಲ್ಲ” ಅಂದೆ.

ಅವರು ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋದರು.

ತಪ್ಪು ಎಲ್ಲಿ ಆಯಿತು ಅಂತ ಬಿಡಿಸಿ ಹೇಳ್ತೀನಿ. ಮೂರು ಭಾಗ ಬಿಟ್ಟಿದ್ದು ಸೋಮಾರಿತನ, ಅದರಿಂದ ಯಾರಿಗೂ ನೋವಾಗಲಿಲ್ಲ. ನೋಡದೇ ಇರೋದನ್ನು ನನ್ನ ಊಹೆಯಿಂದ ತುಂಬಿಕೊಂಡೆನಲ್ಲ, ಅದು ತಪ್ಪು. ಆ ನಾಲ್ಕನೇ ಭಾಗದಲ್ಲೇ ಕಪ್ಪು ಗಾಯಕ ರೇ ಚಾರ್ಲ್ಸ್ ಇದ್ದಾರೆ, 1962ರಲ್ಲಿ ಕಂಟ್ರಿ ಹಾಡುಗಳ ಆಲ್ಬಮ್ ಮಾಡಿದವರು. ಅವರನ್ನು ಕಣ್ಣಾರೆ ನೋಡಿಯೂ ‘ಹೊರಗಿನಿಂದ ಬಂದು ಹಾಡಿದವರು’ ಅಂತ ಲೆಕ್ಕ ಹಾಕಿಕೊಂಡೆ. ಅಷ್ಟೂ ಸಾಲದು ಅಂತ, ಆ ಊರಲ್ಲೇ ಹುಟ್ಟಿ ಬೆಳೆದವರ ಮುಂದೆ ಯಾವುದು ಅವರದು, ಯಾವುದು ಅಲ್ಲ ಅಂತ ತೀರ್ಪು ಕೊಟ್ಟೆ. ಆಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಕೆಲಸದ ಮಾತು ಮಾತ್ರ. ರೈಲೂ ನಿಂತುಹೋಯಿತು. ಡಿಸೆಂಬರ್‌ನಲ್ಲಿ ಅವರು ನಿವೃತ್ತರಾದರು.

ಜನವರಿಯಲ್ಲಿ ರಜೆ ಸಿಕ್ಕಾಗ ಮೊದಲನೇ ಭಾಗ ಹಾಕಿದೆ. ಡಿಫೋರ್ಡ್ ಬೇಯ್ಲಿ ಬಂದರು. ಬಾಲ್ಯದಲ್ಲಿ ಪೋಲಿಯೊ ಬಂದಿದ್ದ, ಪುಟ್ಟ ಆಳಿನ ಕಪ್ಪು ಕಲಾವಿದ. ಮೌತ್ ಆರ್ಗನ್‌ನಲ್ಲಿ ರೈಲು ಹೊರಡಿಸ್ತಾರೆ. ಅದೇ ಕೂಗು, ಅದೇ ದೂರ, ಅದೇ ಹತ್ತಿರ. ನನಗೆ ಕೂರೋಕಾಗಲಿಲ್ಲ.

1927ರ ಡಿಸೆಂಬರ್‌ನಲ್ಲಿ ಆ ರೈಲು ನುಡಿಸಿ ಮುಗಿಸಿದ ಮೇಲೆಯೇ ನಿರೂಪಕ ಜಾರ್ಜ್ ಹೇ ನ್ಯಾಶ್‌ವಿಲ್‌ನ ಕಂಟ್ರಿ ಹಾಡುಗಳ ರೇಡಿಯೊ ಕಾರ್ಯಕ್ರಮವನ್ನು ‘ಗ್ರ್ಯಾಂಡ್ ಓಲ್ ಆಪ್ರಿ’ ಅಂತ ಕರೆದದ್ದು. ರೇಡಿಯೊದಲ್ಲಿ ಬೇಯ್ಲಿ ಅವರ ಬಣ್ಣ ಕಾಣ್ತಿರಲಿಲ್ಲ. ಬೇರೆ ಊರಿಗೆ ಕಾರ್ಯಕ್ರಮಕ್ಕೆ ಹೋದರೆ ಮಾತ್ರ ಜೊತೆಯವರ ಹೋಟೆಲಿನಲ್ಲಿ ಅವರಿಗೆ ರೂಮಿಲ್ಲ. 1941ರಲ್ಲಿ ಅವರನ್ನು ಕೈಬಿಟ್ಟರು. ಮುಂದೆ ದಶಕಗಟ್ಟಲೆ ಅದೇ ನ್ಯಾಶ್‌ವಿಲ್‌ನಲ್ಲಿ ಬೂಟ್ ಪಾಲಿಶ್ ಅಂಗಡಿ ನಡೆಸಿ 1982ರಲ್ಲಿ ತೀರಿಕೊಂಡರು. ಕಂಟ್ರಿ ಕಲಾವಿದರ ಗೌರವ ಪಟ್ಟಿ ಹಾಲ್ ಆಫ್ ಫೇಮ್‌ಗೆ ಹೆಸರು ಸೇರಿದ್ದು 2005ರಲ್ಲಿ.

ಇನ್ನೂ ಇದೆ. ಕಂಟ್ರಿ ಹಾಡಿನ ತಂತಿವಾದ್ಯ ಬ್ಯಾಂಜೊದ ಮೂಲವೇ ಆಫ್ರಿಕಾ. ಕಂಟ್ರಿಯ ಆರಂಭ ಕಾಲದ ಹೆಸರಾಂತ ತಂಡ ಕಾರ್ಟರ್ ಫ್ಯಾಮಿಲಿಯ ಎ.ಪಿ. ಕಾರ್ಟರ್ ಊರೂರು ತಿರುಗಿ ಹಾಡು ಕೂಡಿಸುವಾಗ ಜೊತೆಗಿದ್ದವರು ಲೆಸ್ಲಿ ರಿಡಲ್ ಅನ್ನೋ ಕಪ್ಪು ಗಿಟಾರ್ ವಾದಕ. ಸಾಹಿತ್ಯ ಕಾರ್ಟರ್ ಬರೆದುಕೊಂಡರೆ, ಧಾಟಿ ನೆನಪಿಟ್ಟುಕೊಳ್ಳೋದು ರಿಡಲ್ ಕೆಲಸ. ಕಂಟ್ರಿಯ ದೊಡ್ಡ ಗಾಯಕ ಹ್ಯಾಂಕ್ ವಿಲಿಯಮ್ಸ್‌ಗೆ ಚಿಕ್ಕಂದಿನಲ್ಲಿ ಪಾಠ ಆದದ್ದು ರೂಫಸ್ ಪೇನ್ ಅನ್ನೋ ಕಪ್ಪು ಬೀದಿ ಗಾಯಕನ ಹತ್ತಿರ. ನಾನು ‘ಬಿಳಿಯರ ಕಥೆ’ ಅಂತ ದಾಟಿಬಿಟ್ಟ ಕಾಲ ಇದು.

ನನಗೆ ಕೆಲಸ ಕಲಿಸಿದವರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕ್ಷಮೆ ಕೇಳಿ ಸಂದೇಶ ಬಿಟ್ಟೆ. ಉತ್ತರ ಬರಲಿಲ್ಲ. ಆ ರೈಲು ಅವರಿಗೆ ಯಾರು ಕಲಿಸಿದರು, ಮನೇಲಿ ಯಾರು ನುಡಿಸ್ತಿದ್ದರು, ಇದ್ಯಾವುದೂ ನನಗೆ ಗೊತ್ತಾಗಲಿಲ್ಲ.

ಆದ್ದರಿಂದ ಮಾತಿಗೆ ಸೇರೋಕೆ ಅಂತ ನೋಡೋದೇ ಬೇಡ ಅಂತೀನಿ. ಚಿತ್ರವನ್ನು 1996ರ ಹೊತ್ತಿಗೆ ನಿಲ್ಲಿಸಿಬಿಟ್ಟರು, ಕ್ಯಾಶ್‌ಗೆ ಜಾಗ ಹೆಚ್ಚಾಯಿತು, ಈ ದೂರುಗಳಲ್ಲಿ ಹುರುಳಿದೆ, ನನಗೂ ಹಾಗೇ ಅನಿಸಿತು. ಆದರೆ ಆ ವಾದ ನಿಮ್ಮದಲ್ಲ. ಆ ಹಾಡುಗಳನ್ನು ಕೇಳಿಕೊಂಡು ಬೆಳೆದವರು ಅದನ್ನು ಆಡಿಕೊಳ್ಳಲಿ. ನೀವು ಒಂದನೇ ಭಾಗದಿಂದ, ವಾರಕ್ಕೊಂದರಂತೆ ನೋಡಿ. ಎಂಟು ವಾರ ಅಷ್ಟೆ. ಆಫೀಸಿನಲ್ಲಿ ಮಾತು ಬಂದಾಗ, “ನಿಮ್ಮ ಮನೇಲಿ ಇದನ್ನು ಯಾರು ಕೇಳ್ತಿದ್ದರು?” ಅಂತ ಕೇಳಿ, ಅವರು ಹೇಳಿ ಮುಗಿಸೋವರೆಗೆ ಸುಮ್ಮನಿರಿ.