ಕೆರೆ ತುಂಬಿದ ಮೇಲೆ ಕೇಳಬೇಕಾದ ಲೆಕ್ಕ

ಪ್ರಶ್ನೆ: ಬಜೆಟ್ ಬಂದಾಗಲೆಲ್ಲ ನಮ್ಮ ಜಿಲ್ಲೆಗೆ ಇಷ್ಟು ಕೋಟಿ ಅಂತ ಕೇಳುತ್ತೇವೆ. ದೇಶದ ಅಭಿವೃದ್ಧಿ ಗುರಿಗಳಿಗೂ ಈ ಖರ್ಚಿಗೂ ಏನಾದರೂ ಕೊಂಡಿ ಇದೆಯಾ ಸಾರ್? ಇದ್ದರೆ ನಮ್ಮಂಥ ರೈತರು ಅದನ್ನು ಹಿಡಿದು ಕೇಳುವುದು ಹೇಗೆ?
– ಓದುಗರು, ಮಾಲೂರು ತಾಲ್ಲೂಕು

ಉತ್ತರ: ಕೊಂಡಿ ಇದೆ. ಕೇಂದ್ರ ಸರ್ಕಾರ 2005ರಲ್ಲೇ ಫಲಿತಾಂಶ ಆಧಾರಿತ ಬಜೆಟ್ ಶುರು ಮಾಡಿತು. 2017-18ರಲ್ಲಿ ಪಂಚವಾರ್ಷಿಕ ಯೋಜನೆಯ ಖರ್ಚು (ಯೋಜನಾ ವೆಚ್ಚ), ಉಳಿದ ಖರ್ಚು (ಯೋಜನೇತರ ವೆಚ್ಚ) ಎಂಬ ಹಳೆಯ ಭೇದವನ್ನೂ ಕೈಬಿಟ್ಟಿತು. ದೊಡ್ಡ ಯೋಜನೆಗಳಿಗೆ ಎಷ್ಟು ಹಣ, ಅದರಲ್ಲಿ ಆಗಬೇಕಾದ ಕೆಲಸವೇನು, ಆ ಕೆಲಸದಿಂದ ಜನರಿಗೆ ಸಿಗಬೇಕಾದ ಫಲವೇನು, ಮೂರನ್ನೂ ಬಜೆಟ್ ಕಡತಗಳಲ್ಲಿ ಬರೆಯುತ್ತಾರೆ. ಕೆಲಸದಿಂದ ಫಲಕ್ಕೆ ದಾಟುವಲ್ಲೇ ಕೊಂಡಿ ಕಳಚುವುದು.

ನಿಮ್ಮ ಕೋಲಾರ ಜಿಲ್ಲೆಯ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯನ್ನೇ ನೋಡಿ. ನೀರಿನ ಭದ್ರತೆ ದೇಶದ ಗುರಿ, ಇಲ್ಲಿ ಖರ್ಚು ಮಾಡಿದ್ದು ರಾಜ್ಯ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು. ವರ್ಷವಿಡೀ ಹರಿಯುವ ನದಿಯಿಲ್ಲದ, ಸಾವಿರ ಅಡಿ ಕೊರೆದರೂ ನೀರು ಸಿಗುವ ಭರವಸೆಯಿಲ್ಲದ ಸೀಮೆಯಲ್ಲಿ ಕೆರೆ ತುಂಬಿದರೆ ಯಾರಿಗಾದರೂ ಹಿಗ್ಗಾಗುತ್ತದೆ. ಕೆರೆ ತುಂಬಿತೆಂದರೆ ಇಲಾಖೆಯ ಲೆಕ್ಕ ಮುಗಿಯಿತು. ನಿಮ್ಮ ಲೆಕ್ಕ ಅಲ್ಲಿಂದ ಶುರುವಾಗಬೇಕು: ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಎಷ್ಟು ಅಡಿ ಮೇಲೆ ಬಂತು? ಬೀಳು ಬಿದ್ದ ಎಷ್ಟು ಎಕರೆ ಮತ್ತೆ ಉಳುಮೆಗೆ ಬಂತು? ಆ ನೀರು ಎಂಥದ್ದು? ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂಬ ಹೋರಾಟ ನಿಮಗೆ ಗೊತ್ತೇ ಇದೆ. ಆ ಬೇಡಿಕೆ ನ್ಯಾಯವಾದದ್ದು ಎಂದೇ ನಾನು ಹೇಳುತ್ತೇನೆ. ಎಷ್ಟು ನೀರು ಎಂಬುದನ್ನು ಮಾತ್ರ ಅಳೆಯುತ್ತಾ ಹೋದರೆ ಎಂಥ ನೀರು ಎಂಬುದಕ್ಕೆ ಯಾರೂ ಜವಾಬ್ದಾರರಾಗುವುದಿಲ್ಲ.

ಜಲಜೀವನ್ ಮಿಷನ್ ಕೂಡ ಹಾಗೆಯೇ. ಮನೆ ಮುಂದೆ ನಲ್ಲಿ ನಿಲ್ಲಿಸುವುದು ಕೆಲಸ. ತಲೆಗೆ ದಿನಕ್ಕೆ 55 ಲೀಟರ್ ಕುಡಿಯಲು ಯೋಗ್ಯವಾದ ನೀರು ಬರಬೇಕು, ಗುರಿ ಅದು. ಅಂತರ್ಜಲದಲ್ಲಿ ಫ್ಲೋರೈಡ್ ಇರುವ ನಮ್ಮ ಕಡೆ ಇದು ಸಣ್ಣ ವ್ಯತ್ಯಾಸವಲ್ಲ.

ಹಣವನ್ನೇ ಫಲಕ್ಕೆ ಕಟ್ಟಿಹಾಕಿದ ಯೋಜನೆಯೂ ಒಂದಿದೆ, ಅಂತರ್ಜಲ ಉಳಿಸಲು ಕೇಂದ್ರ 2020ರಲ್ಲಿ ಶುರು ಮಾಡಿದ ಅಟಲ್ ಭೂಜಲ. ಏಳು ರಾಜ್ಯಗಳಿಗೆ 6,000 ಕೋಟಿ ರೂಪಾಯಿ, ಅರ್ಧ ವಿಶ್ವಬ್ಯಾಂಕ್ ಸಾಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಅದರಲ್ಲಿವೆ. ಅಂತರ್ಜಲದ ಅಂಕಿಅಂಶ ಜನರ ಮುಂದಿಡಬೇಕು, ಪಂಚಾಯಿತಿಗಳು ನೀರಿನ ಯೋಜನೆ ಮಾಡಬೇಕು, ಅಂತರ್ಜಲ ಕುಸಿಯುವ ವೇಗ ತಗ್ಗಬೇಕು. ಇದಕ್ಕೆ ತಕ್ಕಂತೆ ರಾಜ್ಯಕ್ಕೆ ಪ್ರೋತ್ಸಾಹಧನ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ ತಿಂಗಳ ಆತುರದ ಖರ್ಚಿಗೆ ಇದಕ್ಕಿಂತ ಒಳ್ಳೆಯ ಕಡಿವಾಣ ನನಗೆ ಕಂಡಿಲ್ಲ. ವರ್ಷದ ಹಣದಲ್ಲಿ ಶೇ 15ಕ್ಕಿಂತ ಹೆಚ್ಚು ಮಾರ್ಚ್ ಒಂದರಲ್ಲೇ ಖರ್ಚಾಗಬಾರದು ಎಂಬ ಮಿತಿಯನ್ನು ಕೇಂದ್ರವೇ ಹಾಕಿಕೊಂಡಿತ್ತು. ಆದರೂ ಕೊನೆಗಳಿಗೆಯಲ್ಲಿ ಬಿಲ್ ಮಾಡುವ ಚಾಳಿ ಹೋಗಿಲ್ಲ.

ನಿಮ್ಮ ಪಂಚಾಯಿತಿಯ ನೀರಿನ ಯೋಜನೆಯ ಪ್ರತಿ ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಗ್ರಾಮಸಭೆಯಲ್ಲಿ ಎಷ್ಟು ಹಣ ಬಂತು ಎಂದಷ್ಟೇ ಕೇಳಿ ಕೂರಬೇಡಿ, ಬೋರ್‌ವೆಲ್ ಮಟ್ಟ ಹೋದ ವರ್ಷ ಎಷ್ಟಿತ್ತು, ಈಗೆಷ್ಟು ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

ಪ್ರಶ್ನೆ: ಹೆಲಿಕಾಪ್ಟರ್ ಕಾರ್ಖಾನೆ ಬಂದರೂ ನಮ್ಮೂರ ಹುಡುಗರಿಗೆ ಕೆಲಸ ಖಾತ್ರಿ ಇಲ್ಲವಲ್ಲ?
– ಓದುಗರು, ಗುಬ್ಬಿ

ಉತ್ತರ: 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಘಟಕದ ಗುರಿ ರಕ್ಷಣೆಯಲ್ಲಿ ಸ್ವಾವಲಂಬನೆ. ಹೆಲಿಕಾಪ್ಟರ್ ತಯಾರಾದರೆ ಆ ಗುರಿ ತಲುಪಿದಂತೆ, ಗುಬ್ಬಿಯ ಹುಡುಗ ಒಳಗಿರಲಿ ಹೊರಗಿರಲಿ. ಸ್ಥಳೀಯ ಉದ್ಯೋಗ ಬೇರೆಯೇ ಗುರಿ, ಅದಕ್ಕೆ ಬೇರೆಯೇ ಹಣ ಬೇಕು. ಜಿಲ್ಲೆಯ ಐಟಿಐಗಳಲ್ಲಿ ಅಂಥ ಕಾರ್ಖಾನೆಗೆ ಬೇಕಾದ ತರಬೇತಿ ಇದೆಯೇ, ಅದಕ್ಕೆ ಈ ವರ್ಷ ಎಷ್ಟು ಇಟ್ಟಿದ್ದಾರೆ ಎಂದು ನಿಮ್ಮ ಶಾಸಕರನ್ನು ಕೇಳಿ.