ಕ್ಷುದ್ರಗ್ರಹಕ್ಕೆ ಅಜ್ಜಿಯ ಹೆಸರಿಡಲು ಎಲ್ಲಿ ಅರ್ಜಿ ಹಾಕಬೇಕು? ಎಷ್ಟು ಫೀಸು?

ನಿಮ್ಮ ತಂಗಿಯ ಕಾಲೇಜು ತಂಡಕ್ಕೆ ಕ್ಷುದ್ರಗ್ರಹ ಹುಡುಕುವ ಅಭಿಯಾನದಿಂದ 'ಪ್ರಾಥಮಿಕ ಪತ್ತೆ' ಅಂತ ಪ್ರಮಾಣಪತ್ರ ಬಂದಿದೆ ಅಲ್ವಾ? ಬಿಎಸ್ಸಿ ಓದುವಾಗ ನಮ್ಮ ತಂಡವೂ ಹೀಗೇ ಹೆಸರು ಹುಡುಕುತ್ತಾ ಕೂತಿತ್ತು. ಈಗಲೇ ಹಾಕುವ ಅರ್ಜಿಯೂ ಇಲ್ಲ, ಫೀಸೂ ಇಲ್ಲ. ದುಡ್ಡು ತಗೊಂಡು ಹೆಸರಿಡ್ತೀವಿ ಅನ್ನೋರನ್ನು ನಂಬಬೇಡಿ. ಹೆಸರಿನ ಮಾತು ಈಗ ಬೇಡವೇ ಬೇಡ.

ನಮಗೆ ಬಂದಿದ್ದು ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕದ ಚಿತ್ರಗಳು. ಆಕಾಶದ ಒಂದೇ ಜಾಗ, ಸುಮಾರು ಒಂದು ಗಂಟೆಯೊಳಗೆ ತೆಗೆದ ನಾಲ್ಕು ಚಿತ್ರ. ಆಸ್ಟ್ರೊಮೆಟ್ರಿಕಾ ಸಾಫ್ಟ್‌ವೇರಿನಲ್ಲಿ ಒಂದಾದಮೇಲೊಂದು ಓಡಿಸಿದರೆ ನಕ್ಷತ್ರಗಳು ನಿಂತಲ್ಲೇ ಇರುತ್ತವೆ, ಕ್ಷುದ್ರಗ್ರಹ ಜರುಗುತ್ತದೆ. ಈಗಾಗಲೇ ಗೊತ್ತಿರುವ ಕ್ಷುದ್ರಗ್ರಹಗಳ ಪಟ್ಟಿಯಲ್ಲಿಲ್ಲದ ಒಂದು ಮಸುಕು ಚುಕ್ಕೆ ನಮಗೆ ಸಿಕ್ಕಿತು.

ನಾಲ್ಕನೇ ಚಿತ್ರದಲ್ಲಿ ಅದು ಒಂದು ನಕ್ಷತ್ರಕ್ಕೆ ತಾಗಿಕೊಂಡಿತ್ತು. ನಾನು ಅದರ ಮೇಲೆ ಕ್ಲಿಕ್ ಮಾಡಿದೆ. ಬೆಳಕು ಎಲ್ಲಿ ಜಾಸ್ತಿ ಇದೆ ಅಂತ ನೋಡಿ ಸಾಫ್ಟ್‌ವೇರ್ ಚುಕ್ಕೆಯ ನಡುಬಿಂದು ಗುರುತಿಸುತ್ತದೆ. ಪಕ್ಕದ ಬೆಳಕೂ ಸೇರಿದ್ದರಿಂದ ಬಿಂದು ನಕ್ಷತ್ರದ ಕಡೆಗೆ ಸರಿಯಿತು. ಕೆಲವೇ ಪಿಕ್ಸೆಲ್. ಮಂಗಳ-ಗುರು ನಡುವಿನ ವಲಯದ ಕ್ಷುದ್ರಗ್ರಹ ಒಂದು ಗಂಟೆಯಲ್ಲಿ ನೇರ ಗೆರೆಯಲ್ಲಿ, ಒಂದೇ ವೇಗದಲ್ಲಿ ಹೋಗಬೇಕು. ನಮ್ಮದರಲ್ಲಿ ಮೂರು ಬಿಂದು ಗೆರೆಯ ಮೇಲಿದ್ದವು, ಕೊನೆಯದು ವಾಲಿತ್ತು. ಅದನ್ನು ಬಿಟ್ಟು ಮೂರೇ ಕಳಿಸಿದ್ದರೂ ನಡೆಯುತ್ತಿತ್ತು. ನಾಲ್ಕಿದ್ದರೆ ಗಟ್ಟಿ ಅಂತ ನಾಲ್ಕನ್ನೂ ಕಳಿಸಿದೆ.

ಒಂದು ಗಂಟೆಯ ಓಟ ನೋಡಿ ಕೆಲವು ದಿನಗಳ ಮುಂದಿನ ಜಾಗ ಹೇಳಬೇಕು. ಗಂಟೆಯಲ್ಲಿ ಕೂದಲೆಳೆಯಷ್ಟು ತಪ್ಪಾದರೂ ದಿನ ಕಳೆದಂತೆ ಅದು ಬೆಳೆಯುತ್ತದೆ. ಮುಂದಿನ ಚಿತ್ರಗಳಲ್ಲಿ ನಮ್ಮ ಲೆಕ್ಕದ ಜಾಗದಲ್ಲಿ ಹುಡುಕಿದೆವು, ಸಿಗಲಿಲ್ಲ. ಆಮೇಲೆ ಬೇರೊಂದು ವೀಕ್ಷಣಾಲಯ ಎರಡು ರಾತ್ರಿಯ ಅಳತೆ ಕಳಿಸಿತು, ಪತ್ತೆ ಅವರದಾಯಿತು. ನಿಯಮವೇ ಹಾಗಿದೆ. ಒಂದೇ ರಾತ್ರಿ ಕಂಡದ್ದು ಪತ್ತೆ ಅನ್ನಿಸಿಕೊಳ್ಳುವುದಿಲ್ಲ. ಎರಡನೇ ರಾತ್ರಿಯ ಅಳತೆಯೂ ಅದಕ್ಕೆ ಹೊಂದಿಕೊಳ್ಳಬೇಕು.

ಮೊದಲ ಕ್ಷುದ್ರಗ್ರಹ ಸೆರೆಸ್ ಉಳಿದಿದ್ದೂ ಒಳ್ಳೆಯ ಅಳತೆಯಿಂದಲೇ. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಖಗೋಳಜ್ಞ ಪಿಯಾಜಿ ಅದನ್ನು ಕಂಡ. ಫೆಬ್ರವರಿ 11ರವರೆಗೆ ಅಳೆದ. ಆಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. 24 ವರ್ಷದ ಗಣಿತಜ್ಞ ಗೌಸ್ ಅವೇ ಅಳತೆಗಳಿಂದ ಕಕ್ಷೆ ಲೆಕ್ಕ ಹಾಕಿ, ಎಲ್ಲಿ ನೋಡಬೇಕು ಅಂತ ಹೇಳಿದ. ಅದೇ ಡಿಸೆಂಬರ್ 31ರಂದು ಮತ್ತೆ ಸಿಕ್ಕಿತು. ಪಿಯಾಜಿಯ ಅಳತೆ ಅಡ್ಡಾದಿಡ್ಡಿ ಇದ್ದಿದ್ದರೆ ಗೌಸ್ ತಾನೇ ಏನು ಮಾಡಲು ಆಗುತ್ತಿತ್ತು?

ಹೆಸರಿನ ವಿಷಯಕ್ಕೆ ಬಂದರೆ, ಮೊದಲು ಶಾಶ್ವತ ಸಂಖ್ಯೆ ಸಿಗಬೇಕು. ಕಕ್ಷೆ ಖಚಿತವಾದ ಮೇಲೇ ಸಂಖ್ಯೆ. ಅದಕ್ಕೆ ಸಾಮಾನ್ಯವಾಗಿ ನಾಲ್ಕು ಸಲವಾದರೂ, ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಬಂದಾಗ ಅದನ್ನು ನೋಡಿರಬೇಕು. ಒಂದು ಸಲದಿಂದ ಇನ್ನೊಂದಕ್ಕೆ ಹೆಚ್ಚುಕಮ್ಮಿ 15 ತಿಂಗಳು. ನೀವೇ ಲೆಕ್ಕ ಹಾಕಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ರಾಜಮೋಹನ್ ಮತ್ತು ಸಂಗಡಿಗರು 1988ರಲ್ಲಿ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಿಂದ ಕಂಡದ್ದಕ್ಕೂ 4130 ಎಂಬ ಸಂಖ್ಯೆ ಸಿಕ್ಕ ಮೇಲೇ ರಾಮಾನುಜನ್ ಎಂಬ ಹೆಸರು ಬಂದಿದ್ದು. ಸಂಖ್ಯೆ ಬಂದಮೇಲೆ ಹೆಸರು ಸೂಚಿಸಲು ಪತ್ತೆ ಹಚ್ಚಿದವರಿಗೆ ಹತ್ತು ವರ್ಷ ಸಮಯ ಇರುತ್ತದೆ. ಇಂಗ್ಲಿಷ್ ಲಿಪಿಯಲ್ಲಿ 16 ಅಕ್ಷರ ಮೀರಬಾರದು. ರಾಜಕಾರಣಿಯ ಹೆಸರಾದರೆ ಅವರು ತೀರಿ 100 ವರ್ಷ ಆಗಿರಬೇಕು. ಅಜ್ಜಿಯ ಹೆಸರಿಗೆ ಆ ತೊಡಕಿಲ್ಲ.

ಹಾಗಾಗಿ ಇವತ್ತು ತಂಗಿಯನ್ನು ಕೂರಿಸಿಕೊಂಡು ಆ ಚಿತ್ರಗಳನ್ನು ಮತ್ತೆ ತೆಗೆಸಿ. ಯಾವ ಬಿಂದು ಗೆರೆ ಬಿಟ್ಟು ವಾಲಿದೆ, ಯಾವುದರ ಪಕ್ಕ ನಕ್ಷತ್ರ ಇದೆ ಅಂತ ನೋಡಲಿ. ಅನುಮಾನ ಇದ್ದರೆ ಅಭಿಯಾನದವರಿಗೆ ಕೂಡಲೇ ಬರೆದು ತಿಳಿಸಲಿ. ಎರಡನೇ ರಾತ್ರಿಯ ಅಳತೆ ಸಿಕ್ಕಿದೆಯಾ ಅಂತಲೂ ಅದೇ ಪತ್ರದಲ್ಲಿ ಕೇಳಲಿ.