ಕಟ್ಟಿ ಹಾಕಿದರೆ ನಾಯಿ ಖಡಕ್ ಆಗುತ್ತದೆಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ನಮ್ಮದು ಹುಬ್ಬಳ್ಳಿಯ ನವನಗರ. ಏಳು ತಿಂಗಳ ಗಂಡು ರಾಟ್‌ವೀಲರ್ ಇದೆ. ಕಟ್ಟಿ ಹಾಕಿದರೆ ಖಡಕ್ ಆಗುತ್ತದೆ ಅಂತ ಎಲ್ಲರೂ ಹೇಳಿದರು, ಹಾಗಾಗಿ ದಿನಪೂರ್ತಿ ಗೇಟಿನ ಹತ್ತಿರ ಕಟ್ಟುತ್ತೇವೆ. ಈಗ ಊಟ ಮಾಡುವಾಗ ಮಗಳು ಹತ್ತಿರ ಹೋದರೆ ಗುರ್ ಅನ್ನುತ್ತದೆ. ಹೊಡೆದರೂ ಬಿಟ್ಟಿಲ್ಲ.

ಉತ್ತರ: ಮೊದಲು ಹೊಡೆಯೋದು ನಿಲ್ಲಿಸಿ, ಇವತ್ತೇ. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆದು ಬಾಯಿ ಮುಚ್ಚಿಸಿದರೆ ಅದರ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಆಮೇಲೆ ಒಂದು ದಿನ ಸದ್ದಿಲ್ಲದೆ ನೇರವಾಗಿ ಕಚ್ಚುತ್ತದೆ.

ಊಟದ ಜಾಗ ಬದಲಿಸಿ. ಜನ ಓಡಾಡದ ಮೂಲೆಯಲ್ಲಿ ತಟ್ಟೆ ಇಡಿ, ಮಗಳು ಆ ಹೊತ್ತಿಗೆ ಒಳಗೇ ಇರಲಿ. ನಾಯಿ ತಿನ್ನುವಾಗ ನೀವು ಐದಾರು ಹೆಜ್ಜೆ ದೂರದಿಂದ ಹಾದು ಹೋಗಿ, ಹೋಗುತ್ತಾ ಒಂದು ತುಂಡು ಬೇಯಿಸಿದ ಕೋಳಿಯೋ ಮೊಟ್ಟೆಯೋ ಅದರ ಕಡೆ ಎಸೆದು ಮುಂದೆ ನಡೆಯಿರಿ. ನಿಲ್ಲಬೇಡಿ, ಮಾತಾಡಿಸಬೇಡಿ. ಕೆಲವು ದಿನ ಹೀಗೇ ಮಾಡಿ. ನಿಮ್ಮನ್ನು ಕಂಡ ಕೂಡಲೇ ತಲೆ ಎತ್ತಿ, ಮೈ ಸಡಿಲ ಬಿಟ್ಟು, ಏನು ತಂದೆ ಅನ್ನೋ ಹಾಗೆ ನೋಡತೊಡಗಿದರೆ ಒಂದು ಹೆಜ್ಜೆ ಹತ್ತಿರ ಬನ್ನಿ. ಮೈ ಬಿಗಿಯಾಯಿತು, ತಿನ್ನುವ ವೇಗ ಜಾಸ್ತಿ ಆಯಿತು, ಕಣ್ಣಂಚಿನಲ್ಲಿ ಬಿಳಿ ಕಂಡಿತು ಅಂದರೆ ನೀವು ಅವಸರ ಮಾಡಿದ್ದೀರಿ, ಹಿಂದೆ ಸರಿಯಿರಿ. ಯಾರು ಯಜಮಾನ ಅಂತ ತೋರಿಸೋಕೆ ತಟ್ಟೆ ಕಿತ್ತುಕೊಳ್ಳುವ ಚಾಳಿ ನಮ್ಮಲ್ಲಿ ಬಹಳ. ಅದರಿಂದ ನಾಯಿ ಕಲಿಯುವುದು ಒಂದೇ: ಜನ ಹತ್ತಿರ ಬಂದರೆ ಊಟ ಹೋಗುತ್ತದೆ.

ಇನ್ನು ಸರಪಳಿ. ಗೇಟಿಗೆ ಕಟ್ಟಿದ ನಾಯಿಗೆ ದಿನವಿಡೀ ಎಲ್ಲವೂ ಕಾಣುತ್ತದೆ, ಯಾವುದೂ ಸಿಗುವುದಿಲ್ಲ. ಹಾಲಿನವನು, ಸ್ಕೂಲ್ ಬಸ್ಸು, ಬೀದಿನಾಯಿ, ಎಲ್ಲದಕ್ಕೂ ಎಳೆದು ಎಳೆದು ಸಿಟ್ಟು ಕೂಡುತ್ತದೆ. ಅದು ಕಾವಲಲ್ಲ, ಹತಾಶೆ. ಆ ಸಿಟ್ಟು ಕಳ್ಳನ ಮೇಲೇ ತಿರುಗುತ್ತದೆ ಅಂತ ಯಾರೂ ಹೇಳಲಾರರು, ಕೈಗೆ ಸಿಕ್ಕ ಮಗುವಿನ ಮೇಲೂ ತಿರುಗಬಹುದು. ಜರ್ಮನಿಯಲ್ಲಿ ದನ ಅಟ್ಟಿಕೊಂಡು ಹೋಗೋಕೆ, ಗಾಡಿ ಎಳೆಯೋಕೆ ಬಳಸುತ್ತಿದ್ದ ತಳಿ ಇದು. ಮನುಷ್ಯರ ಜೊತೆ ಕೆಲಸ ಮಾಡಿಯೇ ಬೆಳೆದದ್ದು. ಬೆಳಿಗ್ಗೆ ಬಿಸಿಲೇರುವ ಮೊದಲು, ಸಂಜೆ ಇನ್ನೊಮ್ಮೆ ಚೆನ್ನಾಗಿ ನಡೆಸಿ. ಸಂಜೆ ಮನೆಯೊಳಗೆ ನಿಮ್ಮ ಜೊತೆ ಇರಲಿ. ಯಾರಾದರೂ ಬಂದಾಗ ಚಾಪೆಯ ಮೇಲೆ ಹೋಗಿ ಕೂರುವುದನ್ನು ಕಲಿಸಿ, ಕೂತರೆ ತಿನ್ನೋಕೆ ಕೊಡಿ. ದಿನಾ ಬರುವವರು ಯಾರು ಅಂತ ಗೊತ್ತಿರುವ ನಾಯಿಗೇ ರಾತ್ರಿ ಗೋಡೆ ಹಾರಿದವನು ಬೇರೆ ಅಂತ ತಿಳಿಯೋದು. ಒಮ್ಮೆಯಾದರೂ ಹಲ್ಲು ತಾಗಿಸಿದ್ದರೆ ಮಾತ್ರ ನೀವೇ ಪ್ರಯೋಗ ಮಾಡಬೇಡಿ, ಪಶುವೈದ್ಯರಿಗೆ ತೋರಿಸಿ. ನೋವಿರುವ ನಾಯಿಯೂ ಹೀಗೇ ಆಡುತ್ತದೆ.

ಪ್ರಶ್ನೆ: ಮುಂಡರಗಿ ಕಡೆಯವ ನಾನು. ಕಪ್ಪತಗುಡ್ಡದ ಅಂಚಿಗೆ ಕುರಿ ಮೇಯಿಸುತ್ತೇವೆ. ತೋಳದ ಕಾಟ. ಮುಧೋಳ ನಾಯಿ ತಂದೆವು, ಮೊಲ ಕಂಡರೆ ಓಡಿಹೋಗುತ್ತದೆ, ಹಟ್ಟಿಯಲ್ಲಿ ನಿಲ್ಲೋದಿಲ್ಲ. ಅಲ್ಸೇಷಿಯನ್ ತರಲೇ ಅಣ್ಣಾ?

ಉತ್ತರ: ಬೇಡ ಅಣ್ಣಾ. ಮುಧೋಳದ ತಪ್ಪೇನೂ ಇಲ್ಲ, ಅದು ಕಣ್ಣಿಂದಲೇ ಬೇಟೆ ಗುರುತು ಹಿಡಿದು ಅಟ್ಟಿಸಿಕೊಂಡು ಹೋಗೋಕೆ ಹುಟ್ಟಿದ ನಾಯಿ. 2016ರಲ್ಲಿ ನಮ್ಮ ಸೇನೆಯೂ ಮುಧೋಳ ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದಿತು, ಅಷ್ಟು ಚುರುಕು. ಅಲ್ಸೇಷಿಯನ್ ಕುರಿ ಹಿಂಡನ್ನು ತಿರುಗಿಸುವ ನಾಯಿ. ನಿಮಗೆ ಬೇಕಾದದ್ದು ಇವೆರಡೂ ಅಲ್ಲ. ಹಿಂಡಿನ ಜೊತೆ ಮಲಗಿ, ತೋಳ ಬಂದರೆ ನಡುವೆ ನಿಂತು ಬೊಗಳುವ, ಅಟ್ಟಿದರೂ ಸ್ವಲ್ಪ ದೂರಕ್ಕೆ ವಾಪಸ್ ಬರುವ ನಾಯಿ. ಅಂಥದ್ದು ನಿಮ್ಮ ಸುತ್ತಲಿನ ಕುರಿಗಾರರ ಹತ್ತಿರವೇ ಸಿಗುತ್ತದೆ. ಅಪ್ಪ ಅಮ್ಮ ಎರಡೂ ಹಿಂಡು ಕಾಯುವ ಮರಿ ನೋಡಿ, ಎರಡು ತಿಂಗಳು ತುಂಬಿದ ಮೇಲೆ ತನ್ನಿ.

ತಂದವರು ಮರಿಯನ್ನು ಮನೆಗೆ ಒಯ್ಯಬೇಡಿ, ಸೀದಾ ಹಟ್ಟಿಗೆ. ಮೂರು ವಾರದಿಂದ ಮೂರು ತಿಂಗಳವರೆಗೆ ನಾಯಿಮರಿ ಯಾರ ಜೊತೆ ಇರುತ್ತದೋ ಅವರನ್ನೇ ತನ್ನವರು ಅಂದುಕೊಳ್ಳುತ್ತದೆ. ಬೇಲಿ ಹಾಕಿದ ಮೂಲೆಯಲ್ಲಿ ಸಾಧು ಕುರಿಗಳ ಜೊತೆ ಬಿಡಿ. ಹಾಯುವ ಟಗರು ಬೇಡ. ರೊಟ್ಟಿ, ನುಚ್ಚು ಏನಿದ್ದರೂ ಅಲ್ಲೇ ಹಾಕಿ. ನೀವು ಮುಟ್ಟಿ ಮಾತಾಡಿಸಿ, ಇಲ್ಲದಿದ್ದರೆ ನಾಳೆ ಸೂಜಿ ಹಾಕಿಸೋಕೂ ಸಿಗಲ್ಲ. ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಕಷ್ಟದ ಕಾಲ: ಆಟ ಅಂತ ಕುರಿಮರಿ ಅಟ್ಟುತ್ತದೆ, ಉಣ್ಣೆ ಎಳೆಯುತ್ತದೆ. ಆಗ ಒಂದು ಮಾತು ಗದರಿ ಬೇರೆ ಮಾಡಿ, ಒಂಟಿಯಾಗಿ ಮರಿಗಳ ಜೊತೆ ಬಿಡಬೇಡಿ. ತೋಳ ಜೋಡಿಯಾಗಿಯೋ ಗುಂಪಾಗಿಯೋ ಬರುವ ಕಡೆ ಒಂದು ನಾಯಿ ಸಾಲದು, ಎರಡಿರಲಿ. ತೋಳ ಕಚ್ಚುವುದೇ ಗಂಟಲಿಗೆ, ಅದಕ್ಕೇ ಕೊರಳಿಗೆ ಮುಳ್ಳಿನ ಪಟ್ಟಿ ಕಟ್ಟಿ.

ಇನ್ನೊಂದು ಮಾತು, ಬಹಳ ಜನ ಇದನ್ನು ಕಡೆಗಣಿಸುತ್ತಾರೆ. ಸತ್ತ ಕುರಿಯ ತಲೆಯನ್ನು ನಾಯಿಗೆ ಹಾಕಬೇಡಿ. ಕುರಿಯ ಮಿದುಳಲ್ಲಿ ನೀರುಗುಳ್ಳೆ ಆಗಿ, ಅದು ಒಂದೇ ಕಡೆ ಸುತ್ತಿ ಸುತ್ತಿ ಸಾಯುವುದನ್ನು ನೀವು ನೋಡಿರಬಹುದು. ಆ ಗುಳ್ಳೆ ತಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳ ಬೆಳೆಯುತ್ತದೆ, ಅದರ ಮೊಟ್ಟೆ ಹೇಲಿನಲ್ಲಿ ಬಿದ್ದು ಹುಲ್ಲಿನ ಮೂಲಕ ಮತ್ತೆ ಕುರಿಗೇ ಸೇರುತ್ತದೆ. ತಲೆ ಆಳವಾಗಿ ಹೂಳಿ, ಮೂರು ತಿಂಗಳಿಗೊಮ್ಮೆ ನಾಯಿಗೆ ಲಾಡಿಹುಳದ ಮಾತ್ರೆ ಹಾಕಿ.

ಪ್ರಶ್ನೆ: ಹಾವೇರಿಯಿಂದ ಬರೆಯುತ್ತಿದ್ದೇನೆ. ರಾಟ್‌ವೀಲರ್ ಸಾಕೋದು ನಿಷೇಧ ಅಂತೆ, ಹೌದಾ?

ಉತ್ತರ: 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸಬೇಕು ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು, ಅದರಲ್ಲಿ ರಾಟ್‌ವೀಲರ್ ಕೂಡ ಇತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಆದರೆ ಯಾವ ತಳಿಯೇ ಆಗಲಿ, ನಿರ್ಲಕ್ಷ್ಯದಿಂದ ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ಬಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ ಅಥವಾ ಎರಡೂ ಆಗಬಹುದು. ಹೊರಗೆ ಒಯ್ಯುವಾಗ ಗಟ್ಟಿ ಹಗ್ಗ ಇರಲಿ, ಜನಸಂದಣಿಯಲ್ಲಿ ಬಾಯಿಕುಕ್ಕೆ ಹಾಕಿ, ರೇಬೀಸ್ ಚುಚ್ಚುಮದ್ದಿನ ಕಾರ್ಡ್ ಜೋಪಾನ ಮಾಡಿ. ಯಾರಿಗಾದರೂ ಕಚ್ಚಿದರೆ ಗಾಯಕ್ಕೆ ಅರಿಶಿನ, ಸುಣ್ಣ ಹಚ್ಚುತ್ತಾ ಕೂರಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.